ಔಷಧಿಯ ಬೆಲೆ ಎಲ್ಲಿ ಹುಟ್ಟುತ್ತದೆ?
ಶಿಲೀಂಧ್ರನಾಶಕಗಳ ಜಾಗತಿಕ ಮಾರುಕಟ್ಟೆ ಮತ್ತು ನಮ್ಮ ತೋಟ

ಏಪ್ರಿಲ್ ತಿಂಗಳು ಕಳೆಯುತ್ತ ಬಂದಂತೆ ಸಂಘದ ಮಳಿಗೆಗೆ ಬರುವ ಸದಸ್ಯರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಈ ವರ್ಷ ಮೈಲುತುತ್ತಕ್ಕೆ ದರ ಎಷ್ಟು? ಕಳೆದ ವರ್ಷದ ದರಕ್ಕೂ ಇದಕ್ಕೂ ಇಷ್ಟು ವ್ಯತ್ಯಾಸ ಏಕೆ? ಮೊದಲನೆಯದಕ್ಕೆ ಮಳಿಗೆಯ ಗುಮಾಸ್ತರು ಉತ್ತರ ಹೇಳಬಲ್ಲರು. ಎರಡನೆಯದರ ಉತ್ತರ ಚಿಲಿ ದೇಶದ ತಾಮ್ರದ ಗಣಿ, ಬ್ರೆಜಿಲಿನ ಸೋಯಾ ಹೊಲ, ಚೀನಾದ ಕಾರ್ಖಾನೆ, ಐರೋಪ್ಯ ಒಕ್ಕೂಟದ ಕಾನೂನು ಇಷ್ಟು ಕಡೆ ಹಂಚಿಹೋಗಿದೆ. ಎರಡೆಕರೆ ಅಡಿಕೆ, ಮೂರೆಕರೆ ಕಾಫಿ ಇರುವವರು ಇಷ್ಟು ದೂರದ ವಿಚಾರ ತಿಳಿದು ಮಾಡುವುದೇನು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ದೊಡ್ಡ ತೋಟದವರಿಗೆ ಒಂದು ಡಬ್ಬಿ ತಪ್ಪು ಔಷಧಿ ತಂದರೆ ತಡೆದೀತು; ನಮಗೆ ಅದೇ ಒಂದು ವರ್ಷದ ಫಸಲಿನ ಪ್ರಶ್ನೆ. ಆದುದರಿಂದ ಈ ಪೇಟೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಎರಡು ಜಾತಿಯ ಔಷಧಿ

ಅಂಗಡಿಯಲ್ಲಿ ಹೆಸರು ನೂರಿದ್ದರೂ ಶಿಲೀಂಧ್ರನಾಶಕಗಳನ್ನು ಎರಡು ಜಾತಿಯೆಂದು ತಿಳಿಯಬಹುದು. ಮೊದಲನೆಯದು ಎಲೆ ಅಥವಾ ಕಾಯಿಯ ಮೇಲೆ ಪದರವಾಗಿ ಕುಳಿತು ರೋಗಾಣು ಒಳಹೋಗದಂತೆ ತಡೆಯುವಂಥದು. ಬೋರ್ಡೋ ದ್ರಾವಣ, ಕಾಪರ್ ಆಕ್ಸಿಕ್ಲೋರೈಡ್, ಮ್ಯಾಂಕೋಜೆಬ್ ಈ ಗುಂಪಿನವು. ಇವು ರೋಗಾಣುವಿನ ದೇಹವನ್ನು ಹತ್ತಾರು ಕಡೆಯಿಂದ ಹೊಡೆಯುತ್ತವೆ. ಆದರೆ ರೋಗ ಒಳಹೊಕ್ಕ ಮೇಲೆ ಇವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

ಎರಡನೆಯದು ಗಿಡದೊಳಗೆ ಹೀರಿಕೊಳ್ಳುವ ಅಂತರ್ವ್ಯಾಪಿ ಔಷಧಿ. ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್, ಟೆಬುಕೊನಜೋಲ್ ಮುಂತಾದ ಟ್ರಯಜೋಲ್ ವರ್ಗದವು, ಅಜಾಕ್ಸಿಸ್ಟ್ರೋಬಿನ್ ಮುಂತಾದ ಸ್ಟ್ರೋಬಿಲುರಿನ್ ವರ್ಗದವು, ಮೆಟಲಾಕ್ಸಿಲ್ ಇವು ಈ ಗುಂಪಿಗೆ ಸೇರುತ್ತವೆ. ಇವು ರೋಗಾಣುವಿನ ಒಂದೇ ಒಂದು ಮರ್ಮಕ್ಕೆ ಗುರಿಯಿಡುತ್ತವೆ. ಆದ್ದರಿಂದ ಸ್ವಲ್ಪವೇ ಸಾಕು, ಪರಿಣಾಮವೂ ಬೇಗ. ಆದರೆ ಆ ಒಂದು ಮರ್ಮವನ್ನು ರೋಗಾಣು ಬದಲಾಯಿಸಿಕೊಂಡರೆ ಔಷಧಿಯ ಕೆಲಸ ಮುಗಿದಂತೆಯೇ.

ಈ ಎರಡು ಜಾತಿಗಳ ಬೆಲೆ ಹುಟ್ಟುವ ಬಗೆಯೇ ಬೇರೆ. ಮೊದಲನೆಯದರ ಬೆಲೆ ಹೆಚ್ಚಾಗಿ ಕಚ್ಚಾ ವಸ್ತುವಿನದು. ಎರಡನೆಯದರಲ್ಲಿ ಕಚ್ಚಾ ವಸ್ತುವಿನ ಜೊತೆಗೆ ಸಂಶೋಧನೆ, ಪೇಟೆಂಟ್, ಕಂಪೆನಿಯ ಹೆಸರು ಎಲ್ಲವೂ ಸೇರಿರುತ್ತವೆ.

ಬೋರ್ಡೋ ಪಟ್ಟಣದಿಂದ ಮಲೆನಾಡಿಗೆ

ಅಮೆರಿಕದಿಂದ ಫ್ರಾನ್ಸಿಗೆ ಹೋದ ಬೂಷ್ಟು ರೋಗವೊಂದು 1878ರ ಹೊತ್ತಿಗೆ ಅಲ್ಲಿಯ ದ್ರಾಕ್ಷಿ ತೋಟಗಳಲ್ಲಿ ಕಾಣಿಸಿಕೊಂಡಿತು. ಬೋರ್ಡೋ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಮಿಲಾರ್ಡೆ 1882ರಲ್ಲಿ ಒಂದು ವಿಚಿತ್ರವನ್ನು ಗಮನಿಸಿದರು. ಎಲ್ಲೆಡೆ ಎಲೆ ಉದುರಿದ್ದರೂ ರಸ್ತೆ ಬದಿಯ ಬಳ್ಳಿಗಳು ಮಾತ್ರ ಹಸಿರಾಗಿದ್ದವು. ದಾರಿಹೋಕರು ಹಣ್ಣು ಕದಿಯದಿರಲೆಂದು ತೋಟದವರು ಆ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರು ಎರಚಿದ್ದರು. ಮಿಲಾರ್ಡೆ ಪ್ರಯೋಗ ನಡೆಸಿ 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾವು ಇಂದಿಗೂ ಹಂಡೆಯಲ್ಲಿ ಕಲಸುವ ದ್ರಾವಣ ಇದೇ.

ನಮ್ಮಲ್ಲಿಗೆ ಇದನ್ನು ತಂದ ಕೀರ್ತಿ ಲೆಸ್ಲಿ ಕೋಲ್ಮನ್ ಅವರದು. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಅದು ಫೈಟಾಫ್ತೊರ ಎಂಬ ಜಾತಿಯ ರೋಗಾಣುವಿನಿಂದ ಬರುತ್ತದೆಂದು 1910ರಲ್ಲಿ ವರದಿ ಬರೆದರು. ಆವರೆಗೆ ಮಲೆನಾಡಿನವರಿಗೆ ಗೊತ್ತಿದ್ದ ರಕ್ಷಣೆ ಕೊನೆಗೆ ಕೊಟ್ಟೆ ಕಟ್ಟುವುದೊಂದೇ. ಅಡಿಕೆಗೆ ಬೋರ್ಡೋ ಹೊಡೆಯುವ ಪದ್ಧತಿ ಬೇರೂರಿದ್ದು ಕೋಲ್ಮನ್ನರ ನಂತರ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾದುದರಲ್ಲಿಯೂ ಅವರ ಪಾತ್ರವಿತ್ತು.

ಇಲ್ಲಿ ಹಣ ಉಳಿಸುವ ಮಾತೊಂದಿದೆ. ಫೈಟಾಫ್ತೊರವನ್ನು ಇಂದಿನ ವಿಜ್ಞಾನ ನಿಜವಾದ ಶಿಲೀಂಧ್ರಗಳ ಸಾಲಿನಿಂದ ತೆಗೆದು ಬೇರೆ ವರ್ಗದಲ್ಲಿ ಇಟ್ಟಿದೆ. ಟ್ರಯಜೋಲ್ ಔಷಧಿಗಳು ಶಿಲೀಂಧ್ರದ ದೇಹದಲ್ಲಿ ಸ್ಟೆರಾಲ್ ಎಂಬ ವಸ್ತು ತಯಾರಾಗುವುದನ್ನು ತಡೆಯುತ್ತವೆ. ಫೈಟಾಫ್ತೊರ ಆ ವಸ್ತುವನ್ನು ತಾನೇ ತಯಾರಿಸಿಕೊಳ್ಳುವುದೇ ಇಲ್ಲ. ಹೀಗಾಗಿ ಅಡಿಕೆ ಕೊಳೆಗೆ ಹೆಕ್ಸಾಕೊನಜೋಲ್ ಅಥವಾ ಪ್ರೊಪಿಕೊನಜೋಲ್ ಹೊಡೆಯುವುದು ಬರಿಯ ಖರ್ಚು. ಅದೇ ರೀತಿ ಮೆಟಲಾಕ್ಸಿಲ್ ಕೊಳೆಯ ವರ್ಗದ ರೋಗಾಣುವಿಗೆ ಸರಿ; ಎಲೆಚುಕ್ಕಿ ರೋಗಕ್ಕಾಗಲಿ ಕಾಫಿಯ ತುಕ್ಕಿಗಾಗಲಿ ನಿಷ್ಪ್ರಯೋಜಕ. ಕಾಫಿಯಲ್ಲಿ ಬರುವ ಕೊಳೆರೋಗವೂ ಅಡಿಕೆಯ ಕೊಳೆರೋಗವೂ ಹೆಸರಿನಲ್ಲಷ್ಟೇ ಒಂದು, ರೋಗಾಣು ಬೇರೆ ಬೇರೆ. “ಕೊಳೆಗೆ ಔಷಧಿ ಕೊಡಿ” ಎಂದಷ್ಟೇ ಕೇಳಿದರೆ ಅಂಗಡಿಯವರು ಯಾವುದನ್ನೂ ಕೊಟ್ಟಾರು.

ಮೈಲುತುತ್ತದ ದರ, ತಾಮ್ರದ ದರ

ಮೈಲುತುತ್ತವೆಂದರೆ ತಾಮ್ರ, ಗಂಧಕಾಮ್ಲ, ನೀರು ಸೇರಿದ ಹರಳು. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಆದ್ದರಿಂದ ಅದರ ಬೆಲೆ ಲಂಡನ್ನಿನ ಲೋಹ ವಿನಿಮಯ ಕೇಂದ್ರದಲ್ಲಿ ತಾಮ್ರಕ್ಕೆ ನಿಗದಿಯಾಗುವ ದರವನ್ನು ಹಿಂಬಾಲಿಸುತ್ತದೆ.

2020ರ ಮಾರ್ಚಿಯಲ್ಲಿ ತಾಮ್ರದ ದರ ಟನ್ನಿಗೆ 5,000 ಡಾಲರಿಗಿಂತ ಕೆಳಗೆ ಇಳಿದಿತ್ತು. 2021ರ ಮೇ ತಿಂಗಳಲ್ಲಿ 10,000 ಡಾಲರ್ ದಾಟಿತು. 2024ರ ಮೇಯಲ್ಲಿ 11,000 ಡಾಲರನ್ನೂ ಮೀರಿತು. ಇದನ್ನು ನಮ್ಮ ಲೆಕ್ಕಕ್ಕೆ ಇಳಿಸೋಣ. ಟನ್ನಿಗೆ 5,000 ಡಾಲರ್ ಇದ್ದಾಗ ಒಂದು ಕಿಲೋ ಮೈಲುತುತ್ತದಲ್ಲಿರುವ ತಾಮ್ರದ ಬೆಲೆ 1.25 ಡಾಲರ್. ಡಾಲರಿಗೆ 75 ರೂಪಾಯಿ ಹಿಡಿದರೆ ಸುಮಾರು 94 ರೂಪಾಯಿ. ತಾಮ್ರ 10,000 ಡಾಲರಿಗೆ ಏರಿದಾಗ ಅದೇ 250 ಗ್ರಾಂ ತಾಮ್ರಕ್ಕೆ ಸುಮಾರು 188 ರೂಪಾಯಿ. ತಾಮ್ರ ಅಲ್ಲಿಯೇ ನಿಂತು ಡಾಲರ್ ಮಾತ್ರ 75ರಿಂದ 85 ರೂಪಾಯಿಗೆ ಏರಿದರೆ ಕಿಲೋವಿಗೆ ಮತ್ತೆ 25 ರೂಪಾಯಿ ಹೆಚ್ಚಳ. ಆಮ್ಲ, ತಯಾರಿಕೆ, ಸಾಗಣೆ, ತೆರಿಗೆ, ಅಂಗಡಿಯ ಲಾಭ ಇದರ ಮೇಲೆ ಸೇರುತ್ತವೆ. ಮಳಿಗೆಯವರು ಬೇಕೆಂದೇ ದರ ಏರಿಸಿದ್ದಾರೆ ಎಂದು ದೂರುವ ಮೊದಲು ಈ ಲೆಕ್ಕವನ್ನು ನೋಡುವುದು ನ್ಯಾಯ. ತಾಮ್ರ ಇಳಿದಾಗಲೂ ದರ ಇಳಿಯದಿದ್ದರೆ ಕಾರಣ ಕೇಳುವುದಕ್ಕೂ ಇದೇ ಲೆಕ್ಕ ಆಧಾರ.

ತಾಮ್ರ ಏರಲು ರೈತರು ಕಾರಣರಲ್ಲ. ಜಗತ್ತಿನ ತಾಮ್ರದಲ್ಲಿ ಬೇಸಾಯಕ್ಕೆ ಬರುವುದು ಅತ್ಯಲ್ಪ. ವಿದ್ಯುತ್ ತಂತಿ, ಕಟ್ಟಡ, ಯಂತ್ರ, ಈಚೆಗೆ ವಿದ್ಯುತ್ ವಾಹನ ಇವುಗಳಿಗೇ ಬಹುಪಾಲು ಹೋಗುತ್ತದೆ. ಗಣಿಯಿಂದ ತೆಗೆಯುವ ತಾಮ್ರದಲ್ಲಿ ಸುಮಾರು ಕಾಲು ಭಾಗ ಚಿಲಿ ದೇಶವೊಂದರದೇ. ಅಲ್ಲಿ ಮುಷ್ಕರವಾದರೂ ನೀರಿನ ಅಭಾವವಾದರೂ ದರ ಅಲುಗುತ್ತದೆ. ನಮ್ಮ ದೇಶದಲ್ಲಿಯೂ ಒಂದು ಬದಲಾವಣೆಯಾಗಿದೆ. ತಮಿಳುನಾಡಿನ ತೂತ್ತುಕುಡಿಯ ದೊಡ್ಡ ತಾಮ್ರ ಕಾರ್ಖಾನೆ 2018ರ ಮೇ ತಿಂಗಳಲ್ಲಿ ಮುಚ್ಚಿದ ಮೇಲೆ, ಅದುವರೆಗೆ ಶುದ್ಧ ತಾಮ್ರವನ್ನು ಆಮದಿಗಿಂತ ಹೆಚ್ಚು ರಫ್ತು ಮಾಡುತ್ತಿದ್ದ ಭಾರತ ಆಮದುದಾರ ದೇಶವಾಯಿತು. ಹೊರಗಿನ ದರದ ಏರಿಳಿತ ನಮಗೆ ನೇರವಾಗಿ ತಟ್ಟುತ್ತಿದೆ.

ಹೊಸ ಔಷಧಿಗಳ ಪೇಟೆ

ಜಗತ್ತಿನಲ್ಲಿ ಬೆಳೆ ರಕ್ಷಣೆಯ ರಾಸಾಯನಿಕಗಳ ವಾರ್ಷಿಕ ವ್ಯಾಪಾರ 6,000 ಕೋಟಿ ಡಾಲರ್ ಮೀರಿದೆ. ಕಳೆನಾಶಕಗಳದು ಎಲ್ಲಕ್ಕಿಂತ ದೊಡ್ಡ ಪಾಲು. ಶಿಲೀಂಧ್ರನಾಶಕಗಳದು ಸುಮಾರು ನಾಲ್ಕನೆಯ ಒಂದು ಭಾಗ. ಇದರ ದೊಡ್ಡ ಗಿರಾಕಿಗಳು ಯುರೋಪಿನ ಗೋಧಿ, ದ್ರಾಕ್ಷಿ ಮತ್ತು ಆಲೂಗಡ್ಡೆ ಬೆಳೆಗಾರರು, ಮಧ್ಯ ಅಮೆರಿಕದ ಬಾಳೆ ತೋಟಗಳು, ಎಲ್ಲಕ್ಕೂ ಮಿಗಿಲಾಗಿ ಬ್ರೆಜಿಲಿನ ಸೋಯಾ ಬೆಳೆಗಾರರು. ಅಡಿಕೆಗೆಂದೇ ಔಷಧಿ ಕಂಡುಹಿಡಿಯುವ ಕಂಪೆನಿ ಜಗತ್ತಿನಲ್ಲಿ ಇಲ್ಲ. ಬೇರೆಯವರ ಬೆಳೆಗೆಂದು ಮಾಡಿದುದರಲ್ಲಿ ನಮಗೆ ಹೊಂದುವುದನ್ನು ನಾವು ಆರಿಸಿಕೊಳ್ಳುತ್ತೇವೆ, ಅಷ್ಟೇ.

ಕಾರಣ ಸರಳ. ಹೊಸ ರಾಸಾಯನಿಕವೊಂದನ್ನು ಕಂಡುಹಿಡಿದು, ಪರೀಕ್ಷಿಸಿ, ನೋಂದಣಿ ಮಾಡಿಸಿ ಪೇಟೆಗೆ ತರಲು ಹತ್ತು ವರ್ಷಕ್ಕೂ ಹೆಚ್ಚು ಕಾಲ, ಸುಮಾರು 30 ಕೋಟಿ ಡಾಲರ್ ಹಣ ಬೇಕೆಂದು ಉದ್ಯಮದವರೇ ಲೆಕ್ಕ ಕೊಟ್ಟಿದ್ದಾರೆ. ಇಷ್ಟು ಬಂಡವಾಳವಿರುವವರು ಕೆಲವರೇ. ಡೌ ಮತ್ತು ಡುಪಾಂಟ್ 2017ರಲ್ಲಿ ಒಂದಾದವು; ಅವುಗಳ ಬೇಸಾಯ ವಿಭಾಗ 2019ರಲ್ಲಿ ಕೊರ್ಟೇವಾ ಎಂಬ ಪ್ರತ್ಯೇಕ ಕಂಪೆನಿಯಾಯಿತು. ಚೀನಾ ಸರ್ಕಾರದ ಕೆಮ್‌ಚೈನಾ 2017ರಲ್ಲಿ ಸ್ವಿಟ್ಜರ್ಲೆಂಡಿನ ಸಿಂಜೆಂಟಾವನ್ನು 4,300 ಕೋಟಿ ಡಾಲರಿಗೆ ಕೊಂಡಿತು. ಬೇಯರ್ ಕಂಪೆನಿ 2018ರಲ್ಲಿ ಮಾನ್ಸಾಂಟೊವನ್ನು ಕೊಂಡಿತು. ಈ ಮೂರು ಮತ್ತು ಬಿಎಎಸ್‌ಎಫ್ ಸೇರಿ ಜಗತ್ತಿನ ವ್ಯಾಪಾರದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹಿಡಿದಿವೆ.

ಪೇಟೆಂಟ್ ಅವಧಿ ಇಪ್ಪತ್ತು ವರ್ಷ. ಅದು ಮುಗಿದ ಮೇಲೆ ಬೇರೆಯವರೂ ನೋಂದಣಿ ಪಡೆದು ಅದೇ ರಾಸಾಯನಿಕ ತಯಾರಿಸಬಹುದು, ಬೆಲೆ ಇಳಿಯುತ್ತದೆ. 1996ರಲ್ಲಿ ಪೇಟೆಗೆ ಬಂದ ಅಜಾಕ್ಸಿಸ್ಟ್ರೋಬಿನ್ ಈಗ ಅನೇಕ ಕಂಪೆನಿಗಳ ಹೆಸರಿನಲ್ಲಿ ಸಿಗುವುದು ಹೀಗೆ. ಈ ವಿಷಯದಲ್ಲಿ ನಮ್ಮ ದೇಶಕ್ಕೆ ಒಂದು ಅನುಕೂಲವಿತ್ತು. 1970ರ ಪೇಟೆಂಟ್ ಕಾಯಿದೆ ಮದ್ದುಗಳಿಗೆ ತಯಾರಿಕೆಯ ವಿಧಾನದ ಮೇಲೆ ಮಾತ್ರ ಹಕ್ಕು ಕೊಟ್ಟಿತ್ತು, ವಸ್ತುವಿನ ಮೇಲೆ ಕೊಟ್ಟಿರಲಿಲ್ಲ. ಆ ಕಾಯಿದೆಯಲ್ಲಿ ‘ಮದ್ದು’ ಎಂಬ ಮಾತಿನೊಳಗೆ ಕೀಟನಾಶಕ, ಶಿಲೀಂಧ್ರನಾಶಕಗಳೂ ಸೇರಿದ್ದವು. ಬೇರೆ ವಿಧಾನದಿಂದ ಅದೇ ವಸ್ತು ತಯಾರಿಸಲು ನಮ್ಮ ಕಾರ್ಖಾನೆಗಳಿಗೆ ಅವಕಾಶವಾಯಿತು. 2005ರ ತಿದ್ದುಪಡಿಯಿಂದ ವಸ್ತುವಿನ ಮೇಲಿನ ಪೇಟೆಂಟ್ ಜಾರಿಗೆ ಬಂದಿದೆ. ಆದರೂ ಅಷ್ಟರಲ್ಲಿ ಬೆಳೆದ ಉದ್ಯಮ ಉಳಿದುಕೊಂಡಿದೆ. ಇಂದು ಬೆಳೆ ರಕ್ಷಣೆಯ ರಾಸಾಯನಿಕಗಳ ಪ್ರಮುಖ ರಫ್ತು ದೇಶಗಳಲ್ಲಿ ಭಾರತವೂ ಒಂದು, ಮ್ಯಾಂಕೋಜೆಬ್ ತಯಾರಿಕೆಯಲ್ಲಂತೂ ಮುಂಚೂಣಿಯಲ್ಲಿದೆ. ಆದರೆ ಅನೇಕ ಔಷಧಿಗಳ ಮೂಲ ರಾಸಾಯನಿಕ ಚೀನಾದಿಂದ ಬರಬೇಕು. ಅಲ್ಲಿ 2021ರಲ್ಲಿ ವಿದ್ಯುತ್ ಕಡಿತದಿಂದ ಕಾರ್ಖಾನೆಗಳು ನಿಂತು, ಹಡಗಿನ ಬಾಡಿಗೆಯೂ ಏರಿದಾಗ ಜಗತ್ತಿನೆಲ್ಲೆಡೆ ದರ ಏರಿತು. ಹೆದರಿದ ವ್ಯಾಪಾರಿಗಳು ಅಗತ್ಯಕ್ಕಿಂತ ಹೆಚ್ಚು ಕೊಂಡಿಟ್ಟರು. ಆ ದಾಸ್ತಾನು ಕರಗುವವರೆಗೆ ಕೊಳ್ಳುವವರಿಲ್ಲದೆ 2023ರಲ್ಲಿ ದರ ಕುಸಿಯಿತು.

ರೋಗಾಣು ಒಗ್ಗಿಕೊಂಡಾಗ

ಮೆಟಲಾಕ್ಸಿಲ್ 1977ರ ಸುಮಾರಿಗೆ ಪೇಟೆಗೆ ಬಂದಾಗ ಆಲೂಗಡ್ಡೆಯ ಅಂಗಮಾರಿ ರೋಗಕ್ಕೆ ರಾಮಬಾಣವೆನಿಸಿತು. ಆ ರೋಗಾಣುವೂ ನಮ್ಮ ಅಡಿಕೆ ಕೊಳೆಯ ಫೈಟಾಫ್ತೊರದ ದಾಯಾದಿಯೇ. ಆದರೆ 1980ರಲ್ಲಿ ಐರ್ಲೆಂಡ್ ಮತ್ತು ಹಾಲೆಂಡಿನಲ್ಲಿ, ಅದನ್ನೊಂದನ್ನೇ ಹೊಡೆದ ಹೊಲಗಳಲ್ಲಿ ರೋಗ ನಿಲ್ಲಲಿಲ್ಲ. ಔಷಧಿಗೆ ಒಗ್ಗಿದ ರೋಗಾಣುವೇ ಉಳಿದು ಬೆಳೆದಿತ್ತು. ಆಮೇಲೆ ಅದನ್ನು ಮ್ಯಾಂಕೋಜೆಬ್ ಜೊತೆ ಬೆರೆಸಿ ಮಾರುವ ಪದ್ಧತಿ ನೆಲೆಗೊಂಡಿತು.

ಇದೇ ಕಥೆ ಬ್ರೆಜಿಲಿನಲ್ಲಿ ಇನ್ನೂ ದೊಡ್ಡದಾಗಿ ನಡೆಯಿತು. ಸೋಯಾ ತುಕ್ಕು ರೋಗ ಅಲ್ಲಿ 2001ರಲ್ಲಿ ಕಾಣಿಸಿಕೊಂಡಿತು. ರೈತರು ಮೊದಲು ಟ್ರಯಜೋಲ್ ಹೊಡೆದರು. ಕೆಲವೇ ವರ್ಷದಲ್ಲಿ ಅದರ ಶಕ್ತಿ ಕುಂದಿತು. ಸ್ಟ್ರೋಬಿಲುರಿನ್ ಸೇರಿಸಿದರು, ಅದೂ ಕುಂದಿತು. ಇನ್ನೂ ಹೊಸ ವರ್ಗದ ಔಷಧಿ ಬಂದಿತು. ಅದಕ್ಕೂ ರೋಗಾಣು ಒಗ್ಗತೊಡಗಿತು. ಕೊನೆಗೆ ಹೊಸ ಔಷಧಿಗಳ ಬೆನ್ನಿಗೆ ನಿಲ್ಲಿಸಲು 1960ರ ದಶಕದ ಮ್ಯಾಂಕೋಜೆಬ್ಬನ್ನೇ ಮತ್ತೆ ಕರೆತಂದರು.

ತಾಮ್ರಕ್ಕಾದರೋ ಒಂದು ಶತಮಾನ ದಾಟಿದರೂ ಕೊಳೆರೋಗ ಒಗ್ಗಿಕೊಂಡಿಲ್ಲ. ಆದುದರಿಂದ ಹಳೆಯದೆಂದು ಅದನ್ನು ಕಡೆಗಣಿಸುವಂತಿಲ್ಲ. ಮಲೆನಾಡಿನಲ್ಲಿ ಈಚಿನ ವರ್ಷಗಳಲ್ಲಿ, ಮುಖ್ಯವಾಗಿ 2022ರಿಂದ, ಎಲೆಚುಕ್ಕಿ ರೋಗ ಹಬ್ಬಿದ ಮೇಲೆ ಟ್ರಯಜೋಲ್ ಬಳಕೆ ನಮ್ಮಲ್ಲಿ ಹೆಚ್ಚಾಗಿದೆ. ಒಂದೇ ಔಷಧಿಯನ್ನು ಸಾಲಾಗಿ ನಾಲ್ಕೈದು ಸಲ ಹೊಡೆದರೆ ನಾವೂ ಬ್ರೆಜಿಲಿನ ದಾರಿಯನ್ನೇ ಹಿಡಿದಂತೆ.

ತಾಮ್ರಕ್ಕೂ ಒಂದು ದೋಷವುಂಟು. ಅದು ಕರಗಿ ಹೋಗುವುದಿಲ್ಲ, ಮಣ್ಣಿನಲ್ಲಿಯೇ ಕೂಡುತ್ತದೆ; ಹೆಚ್ಚಾದರೆ ಎರೆಹುಳುವಿಗೆ ಕೇಡು. ಐರೋಪ್ಯ ಒಕ್ಕೂಟ 2019ರಿಂದ ಹೆಕ್ಟೇರಿಗೆ ಏಳು ವರ್ಷದಲ್ಲಿ 28 ಕಿಲೋ, ಅಂದರೆ ವರ್ಷಕ್ಕೆ ಸರಾಸರಿ 4 ಕಿಲೋ ತಾಮ್ರದ ಮಿತಿ ಹಾಕಿದೆ. ಶೇಕಡ ಒಂದರ ಬೋರ್ಡೋ ಹೆಕ್ಟೇರಿಗೆ 1,000 ಲೀಟರ್ ಹೊಡೆದರೆ 10 ಕಿಲೋ ಮೈಲುತುತ್ತ, ಅಂದರೆ 2.5 ಕಿಲೋ ತಾಮ್ರ ಬೀಳುತ್ತದೆ. ಎರಡು ಸಲಕ್ಕೆ 5 ಕಿಲೋ. ನಮ್ಮ ಮಳೆಗೆ ಎರಡು ಸಿಂಪಡಣೆ ಬೇಕೇ ಬೇಕು. ಆದರೆ ಕೊನೆಗೆ ಬೀಳಬೇಕಾದ ಔಷಧಿ ನೆಲಕ್ಕೆ ಸುರಿಯದಂತೆ ನೋಡಿಕೊಳ್ಳುವುದು ಹಣಕ್ಕೂ ಮಣ್ಣಿಗೂ ಉಳಿತಾಯ.

ಕೊಳ್ಳುವ ದೇಶದ ಕಾನೂನು

ನಮ್ಮ ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಎರಡು ಭಾಗ ಹೊರದೇಶಕ್ಕೆ ಹೋಗುತ್ತದೆ. ಇಟಲಿ ಅದರ ದೊಡ್ಡ ಗಿರಾಕಿ. ಐರೋಪ್ಯ ಒಕ್ಕೂಟ ಕಾರ್ಬೆಂಡಜಿಮ್ ಮತ್ತು ಹೆಕ್ಸಾಕೊನಜೋಲ್ ಎರಡಕ್ಕೂ ತನ್ನಲ್ಲಿ ಅನುಮತಿ ಕೊಟ್ಟಿಲ್ಲ. ಪ್ರೊಪಿಕೊನಜೋಲ್ ಅನುಮತಿಯನ್ನು 2018ರಲ್ಲಿಯೂ ಮ್ಯಾಂಕೋಜೆಬ್ಬಿನದನ್ನು 2020ರಲ್ಲಿಯೂ ನವೀಕರಿಸದೆ ಬಿಟ್ಟಿತು. ಹೀಗೆ ಅಲ್ಲಿ ಕೈಬಿಟ್ಟ ಔಷಧಿಗೆ ಆಹಾರದಲ್ಲಿ ಉಳಿಯಬಹುದಾದ ಅಂಶದ ಮಿತಿಯನ್ನೂ ಕ್ರಮೇಣ ಇಳಿಸುತ್ತಾರೆ. ಬೇರೆ ಮಿತಿ ಹೇಳದಿದ್ದಲ್ಲಿ ಅದು ಕಿಲೋವಿಗೆ 0.01 ಮಿಲಿಗ್ರಾಂ, ಒಂದು ಟನ್ ಕಾಫಿಯಲ್ಲಿ 10 ಮಿಲಿಗ್ರಾಂ. ಇಲ್ಲಿ ಕಾನೂನುಬದ್ಧವಾಗಿ ಮಾರುವ ಔಷಧಿಯೇ ಅಲ್ಲಿ ನಮ್ಮ ಸರಕಿಗೆ ಅಡ್ಡಿಯಾಗಬಹುದು.

ಅಡಿಕೆಯ ಔಷಧಿಗೂ ಇದಕ್ಕೂ ಸಂಬಂಧವಿಲ್ಲವೆಂದು ತಿಳಿಯಬಾರದು. ನಮ್ಮ ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತದೆ, ಕೆಳಗೆ ಕಾಫಿ ಗಿಡ ಇರುತ್ತದೆ. ಮೇಲೆ ಹೊಡೆದದ್ದು ಇವೆರಡರ ಮೇಲೂ ಇಳಿಯುತ್ತದೆ. ಕೊಯ್ಲಿಗೆ ಹತ್ತಿರವಿದ್ದಾಗ ಅಂತರ್ವ್ಯಾಪಿ ಔಷಧಿ ಹೊಡೆದರೆ ಉಳಿಕೆಯ ಭಯ ಹೆಚ್ಚು. ಇಂದು ಸಣ್ಣ ಬೆಳೆಗಾರರ ಕಾಫಿ ಹತ್ತು ಮನೆಯದು ಒಂದೇ ರಾಶಿಗೆ ಸೇರುವುದರಿಂದ, ಒಬ್ಬರ ಅವಸರ ಉಳಿದ ಒಂಬತ್ತು ಜನರ ಸರಕನ್ನೂ ಕೆಡಿಸೀತು.

ನಾವು ಮಾಡಬಹುದಾದದ್ದು

ತಾಮ್ರದ ದರ, ಪೇಟೆಂಟ್, ಹೊರದೇಶದ ಕಾನೂನು ಇವು ಯಾವುವೂ ನಮ್ಮ ಕೈಯಲ್ಲಿಲ್ಲ. ಆದರೆ ಕೊಳ್ಳುವ ವಿಧಾನ ನಮ್ಮ ಕೈಯಲ್ಲಿದೆ. ಸದಸ್ಯರು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕೆಂದು ಕೋರುತ್ತೇನೆ.

1. ಮಾರಾಟದ ಹೆಸರು ಕೇಳಿ ಕೊಳ್ಳಬೇಡಿ. ಡಬ್ಬಿಯ ಮೇಲೆ ಬರೆದಿರುವ ರಾಸಾಯನಿಕದ ಹೆಸರನ್ನೂ ಅದರ ಶೇಕಡ ಪ್ರಮಾಣವನ್ನೂ ಓದಿ. ಹೆಕ್ಸಾಕೊನಜೋಲ್ ಶೇಕಡ 5ರದೂ ಸಿಗುತ್ತದೆ, ಶೇಕಡ 2ರದೂ ಸಿಗುತ್ತದೆ. ಮೊದಲನೆಯದರ ಲೀಟರಿನಲ್ಲಿ 50 ಗ್ರಾಂ, ಎರಡನೆಯದರಲ್ಲಿ 20 ಗ್ರಾಂ ಔಷಧಿ. ಡಬ್ಬಿಯ ಬೆಲೆಯನ್ನು ಹೋಲಿಸದೆ ಗ್ರಾಮಿನ ಬೆಲೆಯನ್ನು ಹೋಲಿಸಿ.

2. ರೋಗ ಯಾವುದೆಂದು ಖಚಿತಪಡಿಸಿಕೊಂಡ ಮೇಲೆಯೇ ಔಷಧಿ. ಅಡಿಕೆ ಕೊಳೆಗೆ ಬೋರ್ಡೋ ಮುಖ್ಯ. ಮುಂಗಾರಿಗೆ ಮೊದಲು ಒಮ್ಮೆ, 40ರಿಂದ 45 ದಿನಗಳ ನಂತರ ಮಳೆ ಬಿಡುವು ಕೊಟ್ಟಾಗ ಮತ್ತೊಮ್ಮೆ. ಆರಿದ್ರಾ ಮಳೆ ಹಿಡಿದ ಮೇಲೆ ಮೊದಲ ಔಷಧಿಗೆ ಕೊನೆಗಾರರನ್ನು ಹುಡುಕುವುದರಲ್ಲಿ ಅರ್ಥವಿಲ್ಲ.

3. ಅಂತರ್ವ್ಯಾಪಿ ಔಷಧಿಯನ್ನು ಅಗತ್ಯ ಬಿದ್ದಾಗ ಮಾತ್ರ ಬಳಸಿ. ಮುಂದಿನ ಸಲ ಬೇರೆ ವರ್ಗದ್ದನ್ನು ಬಳಸಿ. ಹೆಸರು ಬದಲಾದರೆ ಸಾಲದು. ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್, ಟೆಬುಕೊನಜೋಲ್ ಮೂರೂ ಒಂದೇ ವರ್ಗದವು.

4. ಕಾಫಿಗಾಗಲಿ ಅದರ ಮೇಲಿನ ಅಡಿಕೆಗಾಗಲಿ ಹೊಸ ಔಷಧಿ ಹೊಡೆಯುವ ಮೊದಲು ಕಾಫಿ ಮಂಡಳಿಯ ವಿಸ್ತರಣಾಧಿಕಾರಿಗಳನ್ನು ಕೇಳಿ. ಹೊಡೆದ ದಿನಾಂಕ, ಔಷಧಿ, ಪ್ರಮಾಣ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

5. ಮೈಲುತುತ್ತದ ಹರಳು ಗಾಢ ನೀಲಿಯಾಗಿರಬೇಕು. ಹಸಿರು ಛಾಯೆ ಕಂಡರೆ ಅನ್ನಭೇದಿ ಬೆರೆತಿದೆಯೇ ಎಂದು ಅನುಮಾನಿಸಿ. ತಯಾರಾದ ದ್ರಾವಣದಲ್ಲಿ ಉಜ್ಜಿದ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಕಂಡರೆ ಸುಣ್ಣ ಸಾಲದು. ದ್ರಾವಣವನ್ನು ಅದೇ ದಿನ ಮುಗಿಸಿ.

6. ರಸೀದಿಯಿಲ್ಲದೆ ಕೊಳ್ಳಬೇಡಿ. ನಕಲಿ ಸರಕು ಬಂದಾಗ ದೂರು ಕೊಡಲು ತಂಡದ ಸಂಖ್ಯೆಯಿರುವ ರಸೀದಿಯೇ ಆಧಾರ.

7. ಒಂದು ವರ್ಷಕ್ಕೆ ಬೇಕಾದಷ್ಟನ್ನು ಮಾತ್ರ ಕೊಳ್ಳಿ. ಮೈಲುತುತ್ತ ಒಣ ಜಾಗದಲ್ಲಿ ಕೆಡದೆ ಉಳಿಯುತ್ತದೆ. ಸುಣ್ಣ ಗಾಳಿ ತಾಗಿದರೆ ಸತ್ವ ಕಳೆದುಕೊಳ್ಳುತ್ತದೆ, ದ್ರವ ಔಷಧಿಗೆ ಅವಧಿಯಿದೆ. ತಾಮ್ರ ಏರುತ್ತದೆಂದು ಎರಡು ವರ್ಷದ ಸರಕು ತುಂಬುವುದು ಜೂಜು.

ಕೊನೆಯದಾಗಿ ಸಂಘದ ವಿಚಾರ. ಹತ್ತು ಕಿಲೋ ಕೊಳ್ಳುವವರ ಮಾತಿಗೆ ತಯಾರಕರಲ್ಲಿ ಬೆಲೆಯಿಲ್ಲ; ಹತ್ತು ಟನ್ ಕೊಳ್ಳುವವರ ಮಾತಿಗೆ ಇದೆ. ನೂರಾರು ಸದಸ್ಯರ ಬೇಡಿಕೆ ಒಟ್ಟಾದರೆ ತಯಾರಕರಿಂದ ನೇರವಾಗಿ ದರಪಟ್ಟಿ ತರಿಸಿ, ಸರಕನ್ನು ಪರೀಕ್ಷೆ ಮಾಡಿಸಿ ಕೊಳ್ಳಲು ಸಾಧ್ಯ. ಬೇಡಿಕೆ ತಡವಾಗಿ ಬಂದರೆ ಮೇ ತಿಂಗಳ ಪೇಟೆಯಲ್ಲಿ ಸಿಕ್ಕ ದರಕ್ಕೆ ತರಬೇಕಾಗುತ್ತದೆ. ಆಗ ಸಂಘಕ್ಕೂ ಅಂಗಡಿಗೂ ವ್ಯತ್ಯಾಸ ಉಳಿಯದು. ಆದುದರಿಂದ ತಮ್ಮ ತೋಟದ ಮರಗಳ ಲೆಕ್ಕ ಹಾಕಿ, ಮೈಲುತುತ್ತ ಮತ್ತು ಸುಣ್ಣದ ಬೇಡಿಕೆಯನ್ನು ಫೆಬ್ರವರಿ ತಿಂಗಳೊಳಗೆ ಸಂಘದ ಕಚೇರಿಯಲ್ಲಿ ಬರೆಸಬೇಕೆಂದು ಎಲ್ಲ ಸದಸ್ಯ ಬಾಂಧವರಲ್ಲಿ ವಿನಂತಿ.

— ಕಾರ್ಯದರ್ಶಿ